ಹೊಳೆಯ ಜಗಲಿ

"ಗಂಗಾ ಸ್ನಾನ, ತುಂಗಾ ಪಾನ" ಎಂದು ಮೊದಲು ಹೇಳಿದವನು ಖಂಡಿತ ನಮ್ಮ ಕಡೆಯವನೇ ಇರಬೇಕು. ಕಾಶಿಯವನಾಗಿದ್ದರೆ ಕುಡಿಸುವ ಮರ್ಯಾದೆಯನ್ನೂ ಗಂಗೆಗೇ ಕೊಟ್ಟುಬಿಡುತ್ತಿದ್ದ. ಅಷ್ಟು ದೊಡ್ಡ ನದಿಯನ್ನು ನೇರವಾಗಿ ಎದುರು ಹಾಕಿಕೊಳ್ಳುವ ಧೈರ್ಯ ಮಲೆನಾಡಿನವರಿಗಿಲ್ಲ. ಹಾಗಂತ ಸುಮ್ಮನೆ ಬಿಟ್ಟುಕೊಡುವ ಜಾಯಮಾನವೂ ಅವರದಲ್ಲ. ಪುಣ್ಯವನ್ನೆಲ್ಲ ಉತ್ತರದವರಿಗೆ ಬಿಟ್ಟು ರುಚಿಯನ್ನು ಮಾತ್ರ ತಮ್ಮ ಹೆಸರಿಗೆ ಮಾಡಿಕೊಂಡರು. ಇದಕ್ಕಿಂತ ಜಾಣತನದ ಪಾಲುಪಟ್ಟಿಯನ್ನು ನಾನು ಕಂಡಿಲ್ಲ.

ನಮ್ಮ ಭಾವನವರದು ತೀರ್ಥಹಳ್ಳಿ ಸೀಮೆಯಲ್ಲಿ ಹೊಳೆಯಂಚಿಗೆ ಅಡಿಕೆ ತೋಟ. ಅವರು ಬೆಂಗಳೂರಿಗೆ ಬಂದರೆಂದರೆ ನಮ್ಮನೆ ಕಾಫಿಗೆ ಕಂಟಕ. ಮೊದಲ ಗುಟುಕು ನುಂಗಿ, ಲೋಟವನ್ನೊಮ್ಮೆ ದಿಟ್ಟಿಸಿ, "ಪುಡಿಗೆ ಹೆಸರಿಡೋ ಹಾಗಿಲ್ಲ, ಹಾಲೂ ಗಟ್ಟಿಯಾಗೇ ಇದೆ, ನೀರೇ ಸರಿ ಇಲ್ಲ ಮಾರಾಯ" ಎನ್ನುತ್ತಾರೆ. ಅಡುಗೆಮನೆಯಿಂದ ಅಕ್ಕ "ಬೇಳೆನೂ ಬೇಯಲ್ಲ ಇಲ್ಲಿ" ಎಂದು ದನಿಗೂಡಿಸುತ್ತಾಳೆ. ಇದರಲ್ಲಿ ಮುಕ್ಕಾಲು ಪಾಲು ಊರಿನ ಅಭಿಮಾನವೇ. ಆದರೆ ಉಳಿದ ಕಾಲು ಪಾಲು ರಸಾಯನಶಾಸ್ತ್ರ. ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗಿರುತ್ತದೆ. ಅಂಥ ನೀರಿನಲ್ಲಿ ತೊಗರಿಬೇಳೆ ಹಠ ಹಿಡಿಯುತ್ತದೆ, ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ. ತುಂಗೆಯದು ಮಳೆಗೆ ತೀರ ಹತ್ತಿರದ ಸಂಬಂಧದ ಮೆದು ನೀರು.

ಮಳೆನೀರಿಗೆ ತನ್ನದು ಅಂತ ಒಂದು ರುಚಿ ಇಲ್ಲ. ಅದು ನೆಲಕ್ಕೆ ಬಿದ್ದು, ಇಳಿಜಾರು ಹಿಡಿದು, ಹಳ್ಳ ಸೇರಿ, ಹೊಳೆ ಸೇರುವಷ್ಟರಲ್ಲಿ ಏನೇನನ್ನು ಮುಟ್ಟಿ ಬಂತೋ ಅದೆಲ್ಲ ಅದರ ಗುಣ. ವರಾಹ ಪರ್ವತದ ಮೇಲೆ ಬಿದ್ದ ಮಳೆ ಹುಲ್ಲುಗಾವಲಿನ ಬೇರಿಗೆ ಇಳಿದು, ಶೋಲಾ ಕಾಡಿನ ದರಗಿನಡಿ ಜಿನುಗಿ, ಗಟ್ಟಿ ಕಲ್ಲಿನ ಮೇಲೆ ಹಾದು ಬಂದಾಗ ಮುಟ್ಟಲಿಕ್ಕೆ ಅದಕ್ಕೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಹಾಗಾಗಿ ತುಂಗೆಯ ರುಚಿ ಎಂದರೆ ಲೆಕ್ಕಕ್ಕೆ, ತುಂಗೆಗೆ ಸೇರದೇ ಹೋದ ವಸ್ತುಗಳ ಪಟ್ಟಿ. ನಾವು ಹೊಳೆಯನ್ನು ಹೊಗಳುತ್ತ ಬಂದೆವು; ಹೊಗಳಬೇಕಾದ್ದು ಗುಡ್ಡವನ್ನು.

ಇದಕ್ಕೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ, ತಂಗಿ ಇದ್ದಾಳೆ. ತುಂಗಾ, ಭದ್ರಾ ಇಬ್ಬರೂ ಹುಟ್ಟುವುದು ಅದೇ ವರಾಹ ಪರ್ವತದ ಗಂಗಾಮೂಲದಲ್ಲೇ. ಪಡುವಣಕ್ಕೆ ಓಡಿದ ನೇತ್ರಾವತಿಯೂ ಅಲ್ಲಿಯವಳೇ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗೆಗೆ ಬರುತ್ತಾಳೆ. ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿ ಸುತ್ತಿ ಕೂಡಲಿಯಲ್ಲಿ ಅಕ್ಕನನ್ನು ಸೇರುತ್ತಾಳೆ. ಒಂದೇ ಬೆಟ್ಟ, ಒಂದೇ ಮಳೆ, ಬಹುಮಟ್ಟಿಗೆ ಒಂದೇ ಕಾಡು. ಆದರೆ ಭದ್ರೆಯ ತಲೆಯ ಮೇಲೆ ಕುದುರೆಮುಖದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. 1980ರ ಹೊತ್ತಿಗೆ ಶುರುವಾದ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಬೆಟ್ಟದ ಚರ್ಮ ಸುಲಿದರೆ ಏನಾಗಬೇಕೋ ಅದೇ ಆಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿದಳು. ಗಣಿಯ ಜಾಗ ಇಡೀ ಜಲಾನಯನದಲ್ಲಿ ಒಂದು ಸಣ್ಣ ತುಂಡು. ಆದರೂ ಹೊಳೆಗಿಳಿದ ಹೂಳಿನಲ್ಲಿ ದೊಡ್ಡ ಪಾಲು ಆ ತುಂಡಿನದೇ ಎಂದು ಅಳೆದು ನೋಡಿದ ವಿಜ್ಞಾನಿಗಳು ಬರೆದರು. ಭದ್ರೆ ಮಾಡಿದ ತಪ್ಪೇನೂ ಇಲ್ಲ. ತವರಿನ ಆಸ್ತಿಯಲ್ಲಿ ಅವಳ ಪಾಲಿಗೆ ಕಬ್ಬಿಣ ಬಂತು, ಅಷ್ಟೆ.

ತೀರ್ಥಹಳ್ಳಿಯ ಹೆಸರು ಬಂದ ಮೇಲೆ ಪರಶುರಾಮನನ್ನು ಬಿಟ್ಟು ಮುಂದೆ ಹೋದರೆ ಊರಿನವರು ಒಪ್ಪುವುದಿಲ್ಲ. ತಾಯಿಯ ತಲೆ ಕಡಿದ ಕೊಡಲಿಯ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ತೀರ್ಥಹಳ್ಳಿಯ ತುಂಗೆಯಲ್ಲಿ ಹೋಯಿತಂತೆ. ಎಳ್ಳಮಾವಾಸ್ಯೆಗೆ ರಾಮತೀರ್ಥದಲ್ಲಿ ಈಗಲೂ ಸಾವಿರಾರು ಜನ ಮುಳುಗೇಳುತ್ತಾರೆ. ಕಥೆಗೆ ನನ್ನ ತಕರಾರಿಲ್ಲ. ಆದರೆ ಆ ಕಥೆ ನಮ್ಮ ತಲೆಯಲ್ಲಿ ಒಂದು ಕೆಟ್ಟ ಧೈರ್ಯವನ್ನು ಬಿತ್ತಿತು: ಹೊಳೆಗೆ ಏನು ಹಾಕಿದರೂ ಹೋಗುತ್ತದೆ! ಪರಶುರಾಮ ತೊಳೆದದ್ದು ಒಂದು ಕೊಡಲಿ. ಅದರ ಬಲದ ಮೇಲೆ ನಾವು ಟ್ರ್ಯಾಕ್ಟರು ತೊಳೆದೆವು, ಲಾರಿ ತೊಳೆದೆವು, ಔಷಧಿ ಹೊಡೆದ ಸ್ಪ್ರೇಯರನ್ನೂ ತೊಳೆದೆವು, ಊರಿನ ಚರಂಡಿಯ ಬಾಯನ್ನೂ ಅತ್ತಲೇ ತಿರುಗಿಸಿದೆವು.

ಕಥೆಯಲ್ಲಿ ಅರ್ಧ ಸತ್ಯವಿದೆ ಎನ್ನುವುದೇ ತೊಂದರೆ. ರಕ್ತ, ಸಗಣಿ, ಕೊಳೆತ ಎಲೆ, ಎಂಜಲು ಇವೆಲ್ಲ ಜೀವದಿಂದ ಬಂದವು. ನೀರಿನ ಸೂಕ್ಷ್ಮಜೀವಿಗಳು ಕರಗಿದ ಆಮ್ಲಜನಕವನ್ನು ಬಳಸಿಕೊಂಡು ಇವನ್ನು ತಿಂದು ಮುಗಿಸುತ್ತವೆ. ಹೊಳೆ ಬಂಡೆಗಳ ಮೇಲೆ ಧುಮುಕಿ ನೊರೆಯೆಬ್ಬಿಸಿ ಗಾಳಿಯಿಂದ ಮತ್ತೆ ಆಮ್ಲಜನಕ ತುಂಬಿಕೊಳ್ಳುತ್ತದೆ. ಹಾಕುವ ಕೈ ಹಿಡಿತದಲ್ಲಿದ್ದರೆ ಈ ಲೆಕ್ಕ ಸರಿಹೋಗುತ್ತದೆ. ಆದರೆ ತಾಮ್ರವನ್ನು ತಿಂದು ಮುಗಿಸುವ ಜೀವಿ ಇಲ್ಲ, ಮಣ್ಣನ್ನು ತಿನ್ನುವುದೂ ಇಲ್ಲ. ಗೊಬ್ಬರದ ನೈಟ್ರೇಟು, ಫಾಸ್ಫೇಟು ಸಿಕ್ಕರೆ ಪಾಚಿ ತಿನ್ನುತ್ತದೆ ನಿಜ. ಆಮೇಲೆ ಅದು ಸತ್ತು ಕೊಳೆಯುವಾಗ ಮೀನಿನ ಪಾಲಿನ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ.

ತಾಮ್ರ ಎಲ್ಲಿಂದ ಬಂತು ಎಂದು ಕೇಳುವವರು ಮಲೆನಾಡಿನವರಲ್ಲ. ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿತೋಟದ ಈ ಔಷಧಿಯನ್ನು 1910ರ ಸುಮಾರಿಗೆ ನಮ್ಮ ಅಡಿಕೆ ಮರ ಹತ್ತಿಸಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್. ಆ ಪುಣ್ಯಾತ್ಮ ಎಷ್ಟು ಮನೆಗಳ ಅನ್ನ ಉಳಿಸಿದನೋ ಲೆಕ್ಕವಿಲ್ಲ. ನಾನು ಅವನಿಗೆ ಎದುರಾಗಿ ಮಾತಾಡಲಾರೆ. ಕೊನೆಗೆ ಬಿದ್ದ ಔಷಧಿ ಅಡಿಕೆ ಉಳಿಸಿತು. ನೆಲಕ್ಕೆ ಬಿದ್ದ ತಾಮ್ರ ಮಣ್ಣಿಗೆ ಅಂಟಿಕೊಂಡಿತು. ಮಣ್ಣು ತೋಟದಲ್ಲೇ ಇರುವಷ್ಟು ದಿನ ತಾಮ್ರವೂ ಅಲ್ಲೇ. ಮಣ್ಣು ಕೊಚ್ಚಿ ಹೋದರೆ ಅದೂ ಜೊತೆಗೇ ಹೊರಡುತ್ತದೆ. ಹಾಗಾಗಿ ಔಷಧಿಯ ಮಾತು ಕೂಡ ಕೊನೆಗೆ ಮಣ್ಣಿನ ಮಾತಿಗೇ ಬಂದು ನಿಲ್ಲುತ್ತದೆ.

ಹಿಂದಿನವರಿಗೆ ಮಣ್ಣು ಹಿಡಿದಿಡುವುದು ಗೊತ್ತಿತ್ತು ಎಂದು ಹೇಳುವುದು ಸುಲಭ. ಅವರಿಗೆ ಬೇರೆ ದಾರಿ ಇರಲಿಲ್ಲ ಎನ್ನುವುದು ಸತ್ಯಕ್ಕೆ ಹತ್ತಿರ. ಗುಡ್ಡದ ತಲೆಯ ಮೇಲೆ ಕಾನು, ಅದರ ಕೆಳಗೆ ಸೊಪ್ಪಿನಬೆಟ್ಟ, ಕೆಳಗೆ ತೋಟ, ತೀರ ತಗ್ಗಿನಲ್ಲಿ ಗದ್ದೆ, ಆಮೇಲೆ ಹೊಳೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಇತ್ತು. ಸೊಪ್ಪು, ದರಗು ಬೇಕೆಂದರೆ ಮರ ಇರಲೇಬೇಕು, ಮರ ಇದ್ದರೆ ಮಣ್ಣು ಇರುತ್ತದೆ. ಗದ್ದೆಯೆಂದರೆ ಅಂಚು ಕಟ್ಟಿ ನೀರು ನಿಲ್ಲಿಸುವ ಜಾಗ. ಮೇಲಿನಿಂದ ಬಂದ ಕೆಂಪು ನೀರು ಗದ್ದೆಯಿಂದ ಗದ್ದೆಗೆ ಮೆಲ್ಲಗೆ ಇಳಿಯುತ್ತ ರಾಡಿಯನ್ನೆಲ್ಲ ಅಲ್ಲೇ ಬಿಟ್ಟು ಹೋಗುತ್ತಿತ್ತು. ಯಾರೂ ಹೊಳೆಯ ಚಿಂತೆ ಮಾಡಿ ಗದ್ದೆ ಮಾಡಿದ್ದಲ್ಲ, ಅಕ್ಕಿಯ ಚಿಂತೆಗೆ ಮಾಡಿದ್ದು. ಹೊಳೆಗೆ ಪುಕ್ಕಟೆ ಲಾಭ.

ಈಗ ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಅಡಿಕೆಗೆ ರೇಟಿದೆ. ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಡುತ್ತಾರೆ. ನೀರು ನಿಲ್ಲಿಸುವುದೇ ಕಸುಬಾಗಿದ್ದ ಜಾಗಕ್ಕೆ ಈಗ ನೀರು ಬಸಿಯುವುದೇ ಕಸುಬು. ಆಳದ ಬಸಿಗಾಲುವೆಗಳು ಮಳೆನೀರನ್ನು ಸೀದಾ ಹೊಳೆಗೆ ದಾಟಿಸುತ್ತವೆ. ಮೇಲಿನ ಇಳಿಜಾರು ಶುಂಠಿಗೆ ಗುತ್ತಿಗೆ ಹೋಗಿರುತ್ತದೆ. ಜೆಸಿಬಿ ಬಂದು ಬುಡಸಮೇತ ಎಬ್ಬಿಸಿ, ಏರಿ ಮಾಡಿ, ಔಷಧಿ ಸುರಿದು, ಬೆಳೆ ತೆಗೆದು, ಮರುವರ್ಷ ಬೇರೆ ಇಳಿಜಾರಿಗೆ ಹೋಗುತ್ತಾರೆ. ಕಾನಿನ ಜಾಗಕ್ಕೆ ಅಕೇಶಿಯಾ ಬಂದು ದಶಕಗಳಾದವು. ಅದರ ದರಗು ಬೇಗ ಕೊಳೆಯುವುದೂ ಇಲ್ಲ, ಕೊಟ್ಟಿಗೆಗೂ ಆಗುವುದಿಲ್ಲ.

"ನಾವೇನು ಗೊಬ್ಬರ ಹಾಕಿದ್ರೆ ತಾನೆ ಹೊಳೆಗೆ ಹೋಗೋದು? ಬರೀ ಮರ ಕಡಿದ್ರೆ ಎಂತಾಗ್ತದೆ?" ಎಂದು ಭಾವ ಒಮ್ಮೆ ವಾದಕ್ಕೆ ಕೂತರು. ಅದಕ್ಕೆ ಉತ್ತರ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬರ್ಡ್ ಬ್ರೂಕ್ ಕಾಡಿನಲ್ಲಿದೆ. 1965ರ ಕೊನೆಯಲ್ಲಿ ಬೋರ್ಮನ್, ಲೈಕನ್ಸ್ ಮತ್ತು ಸಂಗಡಿಗರು ಒಂದು ಸಣ್ಣ ಕಣಿವೆಯ ಮರಗಳನ್ನೆಲ್ಲ ಕಡಿದು ಅಲ್ಲೇ ಬಿಟ್ಟರು, ಮತ್ತೆ ಚಿಗುರದಂತೆ ಕಳೆನಾಶಕ ಹೊಡೆಸಿದರು. ಒಂದು ಚಿಟಿಕೆ ಗೊಬ್ಬರ ಹಾಕಲಿಲ್ಲ. ಆದರೂ ಆ ಕಣಿವೆಯ ತೊರೆಯಲ್ಲಿ ನೈಟ್ರೇಟು ಹತ್ತಾರು ಪಟ್ಟು ಏರಿ, ಕುಡಿಯುವ ನೀರಿನ ಮಿತಿಯನ್ನೂ ದಾಟಿತು. ಅಷ್ಟು ವರ್ಷ ಮರಗಳು ಹೀರಿಕೊಂಡು, ಉದುರಿಸಿ, ಮತ್ತೆ ಹೀರಿಕೊಂಡು ಕೈಯಿಂದ ಕೈಗೆ ದಾಟಿಸುತ್ತಿದ್ದ ಸಾರ, ಹೀರುವವರು ಇಲ್ಲದ್ದರಿಂದ ಹೊಳೆಯ ದಾರಿ ಹಿಡಿಯಿತು. ಭಾವ ಪೂರ್ತಿ ಕೇಳಿಸಿಕೊಂಡು, "ಅಮೆರಿಕದ ಮಣ್ಣೇ ಬೇರೆ ಬಿಡು" ಎಂದರು.

ಹಾಗಾದರೆ ಅಡಿಕೆ ಬಿಟ್ಟು, ಶುಂಠಿ ಬಿಟ್ಟು ಎಲ್ಲರೂ ಕಾಡು ಬೆಳೆಸಿ ಗಾಳಿ ಕುಡಿದು ಬದುಕಬೇಕೇ ಎಂದರೆ, ಹಾಗೇನಿಲ್ಲ. ಮಲೆನಾಡಿನ ಮನೆಗೆ ಯಾರೇ ಬರಲಿ, ನೇರವಾಗಿ ನಡುಮನೆಗೆ ನುಗ್ಗುವುದಿಲ್ಲ. ಅಂಗಳದಲ್ಲಿ ಕಾಲು ತೊಳೆದು ಜಗಲಿಯಲ್ಲಿ ಕೂರಬೇಕು. ಕೊಡೆ ಅಲ್ಲೇ, ಕಂಬಳಿ ಅಲ್ಲೇ, ಕೆಸರು ಮೆತ್ತಿದ ಚಪ್ಪಲಿ ಇನ್ನೂ ಕೆಳಗೆ. ಬೆಲ್ಲದ ಚೂರು, ತಂಬಿಗೆ ನೀರು, ಎಲೆಅಡಿಕೆಯ ತಟ್ಟೆ, ಊರ ಸುದ್ದಿ ಎಲ್ಲ ಮುಗಿದು, ಬಂದವರ ಬಿಸಿ ಇಳಿದ ಮೇಲೆ "ಬನ್ನಿ ಒಳಗೆ" ಎನ್ನುವುದು. ಹೊಳೆಗೂ ಇಂಥದ್ದೊಂದು ಜಗಲಿ ಇತ್ತು. ನೀರಂಚಿಗೆ ಮುಂಡಿಗೆಯ ಪೊದೆ, ವಾಟೆ ಬಿದಿರಿನ ಮೆಳೆ, ಲಕ್ಕಿ, ಅದರ ಹಿಂದೆ ನೇರಳೆ, ಹೊಂಗೆ, ಅತ್ತಿ, ಹೊಳೆಮತ್ತಿ. ಗುಡ್ಡದಿಂದ ಓಡಿ ಬಂದ ನೀರು ಈ ಪಟ್ಟಿಯೊಳಗೆ ಕಾಲಿಟ್ಟ ಕೂಡಲೇ ದರಗು, ಕಾಂಡ, ಬೇರುಗಳ ನಡುವೆ ವೇಗ ಕಳೆದುಕೊಳ್ಳುತ್ತದೆ. ವೇಗ ಇಳಿದರೆ ಮಣ್ಣು ತಳಕ್ಕೆ ಕೂರುತ್ತದೆ. ಮಣ್ಣಿಗಂಟಿದ ಫಾಸ್ಫೇಟು, ತಾಮ್ರ ಎರಡೂ ಅಲ್ಲೇ ಉಳಿಯುತ್ತವೆ.

ನೈಟ್ರೇಟಿನದು ಬೇರೆ ಸ್ವಭಾವ. ಅದು ಮಣ್ಣಿಗೆ ಅಂಟುವ ಜಾತಿಯಲ್ಲ. ನೀರಿನಲ್ಲಿ ಕರಗಿ ನೆಲದಡಿಯಿಂದಲೇ ನುಸುಳಿ ಬರುತ್ತದೆ. ಅದಕ್ಕೂ ಜಗಲಿಯಲ್ಲಿ ಏರ್ಪಾಡಿದೆ. ಹೊಳೆಯಂಚಿನ ಮಣ್ಣು ಸದಾ ತೇವವಾಗಿದ್ದು ಅಲ್ಲಿ ಗಾಳಿಯಾಡುವುದಿಲ್ಲ. ಉಸಿರಿಗೆ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು, ಉಳಿದ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗಾಳಿಯಲ್ಲಿ ಹೇಗೂ ಶೇ. 78ರಷ್ಟು ಸಾರಜನಕವೇ ಇರುವುದರಿಂದ ಇನ್ನಷ್ಟು ಸೇರಿದರೆ ಯಾರಿಗೂ ತೊಂದರೆ ಇಲ್ಲ. ಈ ಕೆಲಸಕ್ಕೆ ಬ್ಯಾಕ್ಟೀರಿಯಾಗಳು ಕೇಳುವ ಕೂಲಿ ಕೊಳೆತ ಎಲೆ, ಸತ್ತ ಬೇರು. ಅದನ್ನು ಕೊಡಲಿಕ್ಕೆ ಮರ ಇರಬೇಕು. ಮೇರಿಲ್ಯಾಂಡಿನ ರೋಡ್ ನದಿಯ ಸೀಮೆಯಲ್ಲಿ ಪೀಟರ್‌ಜಾನ್ ಮತ್ತು ಕಾರೆಲ್ ಎಂಬಿಬ್ಬರು ಮೆಕ್ಕೆಜೋಳದ ಹೊಲಕ್ಕೂ ತೊರೆಗೂ ನಡುವಿನ ಸುಮಾರು 50 ಮೀಟರಿನ ಕಾಡುಪಟ್ಟಿಯನ್ನು ಅಳೆದು 1984ರಲ್ಲಿ ಲೆಕ್ಕ ಕೊಟ್ಟರು. ಪಟ್ಟಿಯೊಳಗೆ ಬಂದ ಸಾರಜನಕದಲ್ಲಿ ಶೇ. 89, ರಂಜಕದಲ್ಲಿ ಶೇ. 80 ಅಲ್ಲೇ ಉಳಿದವು, ತೊರೆಯವರೆಗೆ ಹೋಗಲಿಲ್ಲ.

ಜಗಲಿಯ ಮಾಡಿನ ನೆರಳೂ ಸಣ್ಣ ವಿಷಯವಲ್ಲ. 20 ಡಿಗ್ರಿಯ ತಣ್ಣೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಗೆ ಏರಿದಾಗ ಅದು ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ, ಕೊಳಕು ಅಷ್ಟೇ ಉಳಿದು, ಬಿಸಿಲು ನೇರ ಬಿದ್ದರೆ ಮೀನಿಗೆ ಉಸಿರುಗಟ್ಟುತ್ತದೆ. ತೀರ್ಥಹಳ್ಳಿ ಹತ್ತಿರ ಚಿಬ್ಬಲಗುಡ್ಡೆಯಲ್ಲಿ ದೇವಸ್ಥಾನದ ಕೆಳಗೆ, ಶೃಂಗೇರಿಯಲ್ಲಿ ಮಠದ ಮೆಟ್ಟಿಲ ಬುಡದಲ್ಲಿ ದೇವರ ಮೀನುಗಳಿವೆ. ಅವನ್ನು ಯಾರೂ ಹಿಡಿಯುವುದಿಲ್ಲ. ನಾವು ಎಸೆಯುವ ಮಂಡಕ್ಕಿಯಿಂದಲೇ ಅವು ಬದುಕಿವೆ ಎಂದು ನಮ್ಮ ಭ್ರಮೆ. ಯಾತ್ರಿಕರಿಲ್ಲದ ಮಡುಗಳಲ್ಲಿ ಅದೇ ಜಾತಿಯ ಮೀನುಗಳಿಗೆ ದಡದ ಮರವೇ ಊಟ ಬಡಿಸುವುದು. ಅತ್ತಿಯ ಹಣ್ಣು ಉದುರುತ್ತದೆ, ಎಲೆಯ ಮೇಲಿನ ಹುಳ ಬೀಳುತ್ತದೆ, ಬಿದ್ದ ಎಲೆಯನ್ನು ಅರೆದು ತಿನ್ನುವ ನೀರಹುಳಗಳನ್ನು ಮೀನು ತಿನ್ನುತ್ತದೆ. ಮೀನು ಹಿಡಿದರೆ ಪಾಪ ಎಂದು ನಂಬಿದವರು, ಮೀನಿನ ತಲೆಯ ಮೇಲಿನ ಮರ ಕಡಿದರೂ ಪಾಪವೇ ಎಂದು ಒಂದು ಸಾಲು ಸೇರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಜಗಲಿ ಎಷ್ಟೇ ದೊಡ್ಡದಿರಲಿ, ಹಿತ್ತಿಲ ಬಾಗಿಲು ತೆರೆದಿಟ್ಟರೆ ಪ್ರಯೋಜನ ಇಲ್ಲ. ತೋಟದ ಬಸಿಗಾಲುವೆಯನ್ನು ಪೈಪಿನಲ್ಲೋ ಅಗಳಿನಲ್ಲೋ ಹೊಳೆಗೇ ಬಿಟ್ಟರೆ, ನೀರು ಮರಗಳ ಪಟ್ಟಿಯನ್ನು ಮುಟ್ಟದೆ ಪಕ್ಕದಲ್ಲೇ ದಾಟಿ ಹೋಗುತ್ತದೆ. ಕಾಲುವೆಯ ಬಾಯನ್ನು ಹೊಳೆಗೆ ಇಪ್ಪತ್ತು ಮೂವತ್ತು ಹೆಜ್ಜೆ ಮೊದಲೇ ನಿಲ್ಲಿಸಿ, ನೀರು ಪಟ್ಟಿಯೊಳಗೆ ಹರಡಿಕೊಳ್ಳುವಂತೆ ಮಾಡಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಇಂಜಿನಿಯರು ಬೇಡ, ಹಾರೆ ಸಾಕು. ಶಿವಮೊಗ್ಗದಂಥ ಊರಿನ ಒಳಚರಂಡಿಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಮುಂಡಿಗೆ ಪೊದೆಯ ಹತ್ತಿರ ಇಡೀ ಪಟ್ಟಣದ ಕಕ್ಕಸು ಸೋಸಲು ಹೇಳಿದರೆ ಅದೂ ರಾಜೀನಾಮೆ ಕೊಡುತ್ತದೆ. ಅಲ್ಲಿ ಶುದ್ಧೀಕರಣ ಘಟಕವೇ ಆಗಬೇಕು.

ಇಷ್ಟೆಲ್ಲ ಕೆಲಸ ಮಾಡುವ ಜಾಗ ಕಂದಾಯದ ಕಡತದಲ್ಲಿ ಏನು? ಖರಾಬು. ಹೊಳೆಗೆ ಪಹಣಿ ಇಲ್ಲ, ಸಹಿ ಹಾಕಲು ಬರುವುದಿಲ್ಲ, ಬಗರ್ ಹುಕುಂ ಅರ್ಜಿ ಕೊಡುವವರು ಮಾತ್ರ ಇದ್ದಾರೆ. ಬೇಲಿ ವರ್ಷಕ್ಕೆರಡು ಮಾರು ಮುಂದೆ ಸರಿಯುತ್ತದೆ. ಹೊಳೆ ಪಾಪ, ಜುಲೈ ತಿಂಗಳಲ್ಲಿ ತಾನೇ ಬಂದು ಹದ್ದುಬಸ್ತು ಮಾಡಿಕೊಂಡು ಹೋಗುತ್ತದೆ. ಬೇರಿಲ್ಲದ ದಡ ಕುಸಿಯುತ್ತದೆ, ಅಂಚಿನ ಅಡಿಕೆ ಮರಗಳು ಕೊನೆಯ ಸಮೇತ ತೇಲಿ ಹೋಗುತ್ತವೆ. ಆಮೇಲೆ ಮನವಿ ಪತ್ರ, ಫೋಟೋ, ಮತ್ತು ಕಾಂಕ್ರೀಟಿನ ತಡೆಗೋಡೆ. ಗೋಡೆ ಮಣ್ಣು ಹಿಡಿಯುತ್ತದೆ ನಿಜ. ಆದರೆ ನೈಟ್ರೇಟು ತಿನ್ನುವುದಿಲ್ಲ, ನೆರಳು ಕೊಡುವುದಿಲ್ಲ, ಹಣ್ಣು ಉದುರಿಸುವುದಿಲ್ಲ. ಪ್ರವಾಹ ಬಂದಾಗ ಬಾಗಿ ಮಲಗಿ, ಇಳಿದ ಮೇಲೆ ಎದ್ದು ನಿಲ್ಲುವ ವಿದ್ಯೆ ಲಕ್ಕಿಗೆ ಗೊತ್ತು, ವಾಟೆಗೆ ಗೊತ್ತು, ಸಿಮೆಂಟಿಗೆ ಗೊತ್ತಿಲ್ಲ.

ನ್ಯೂಯಾರ್ಕಿನವರು ಈ ವಿಷಯದಲ್ಲಿ ಪಕ್ಕಾ ವ್ಯಾಪಾರಿಗಳು. ಅವರ ಕುಡಿಯುವ ನೀರಿನ ಬಹುಪಾಲು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳು ಮತ್ತು ಡೆಲವೇರ್ ಕಣಿವೆಯಿಂದ ಬರುತ್ತದೆ. ಸೋಸುವ ಘಟಕ ಕಟ್ಟಿ ಎಂದು ಕೇಂದ್ರ ಸರ್ಕಾರ ಪಟ್ಟು ಹಿಡಿದಾಗ ಲೆಕ್ಕ ಹಾಕಿದರು: ಕಟ್ಟಲು 600 ಕೋಟಿ ಡಾಲರಿಗೂ ಮೇಲೆ, ಜೊತೆಗೆ ಪ್ರತಿವರ್ಷದ ಖರ್ಚು. ಅದರ ಬದಲು 1997ರಲ್ಲಿ ಮೇಲಿನ ಹಳ್ಳಿಗಳ ಜೊತೆ ಒಪ್ಪಂದ ಮಾಡಿಕೊಂಡರು. ಮಾರಲು ಒಪ್ಪಿದವರ ಜಮೀನು ಕೊಂಡರು, ತೊರೆಯಂಚಿಗೆ ದನ ಇಳಿಯದಂತೆ ಬೇಲಿ ಹಾಕಿಸಿದರು, ಅಂಚಿನಲ್ಲಿ ಮರ ಬೆಳೆಸಿದ ರೈತನಿಗೆ ದುಡ್ಡು ಕೊಟ್ಟರು. ಘಟಕದ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಕೆಲಸ ನಡೆಯಿತು. ಬೆಟ್ಟದವನು ತನ್ನ ಅಂಚು ಬಿಟ್ಟುಕೊಡಬೇಕು, ಪೇಟೆಯವನು ಅದರ ಬೆಲೆ ಕೊಡಬೇಕು. ಒಬ್ಬರ ತ್ಯಾಗ, ಇನ್ನೊಬ್ಬರ ಚಪ್ಪಾಳೆ ಎಂಬ ನಮ್ಮ ಪದ್ಧತಿ ಅಲ್ಲಿಲ್ಲ.

ಇದನ್ನು ಭಾವನವರಿಗೆ ಹೇಳಿದೆ. ಅವರು ಅಲ್ಲೇ ಬಾಯಿಲೆಕ್ಕ ಹಾಕಿದರು. ಹೊಳೆಯಂಚಿನಲ್ಲಿ 300 ಅಡಿ ಉದ್ದ, 30 ಅಡಿ ಅಗಲ ಬಿಟ್ಟರೆ, 9 ಅಡಿಗೊಂದು ಮರದ ಲೆಕ್ಕದಲ್ಲಿ 111 ಅಡಿಕೆ ಮರ ಹೋಯಿತು. "ಅಷ್ಟು ಮರದ ಫಸಲು ಕೊಡೋರು ಯಾರು?"

"ಕೆಳಗಡೆ ನೀರು ಕುಡಿಯೋರು ಕೊಡಬೇಕು ಭಾವ. ನೀರಿನ ಬಿಲ್ಲಿನಲ್ಲೇ ಸೇರಿಸಬಹುದು."

"ಕೊಟ್ರು ಅಂತಲೇ ಇಟ್ಕ. ದುಡ್ಡು ಬರೋದು ನನ್ನ ಕೈಗಲ್ಲ, ಆಫೀಸಿಗೆ. ಅಲ್ಲಿಂದ ಟೆಂಡರ್ ಆಗಿ ಹೊಳೆಗೆ ಬಂದು ಮುಟ್ಟುವಾಗ ಅದು ಸಿಮೆಂಟಾಗಿರ್ತದೆ. ತಡೆಗೋಡೆ ಕಟ್ಟಿ ಮೇಲೆ ಕಲ್ಲು ಹಾಕಿಸ್ತಾರೆ, ಹೊಳೆದಡದ ಮರಗಳ ರಕ್ಷಣೆಗಾಗಿ ಅಂತ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಈ ಸಲ ಅವರ ತೋಟದ ಹೊಳೆಬದಿಯಲ್ಲಿ ಮುಂಡಿಗೆ, ಲಕ್ಕಿ ಎರಡೂ ಆಳೆತ್ತರ ಬೆಳೆದು ನಿಂತಿದ್ದವು. ನನ್ನ ಉಪದೇಶ ಕೊನೆಗೂ ನಾಟಿತು ಎಂದು ಹಿಗ್ಗಿ ಕೇಳಿದರೆ, "ಎಂತ ಉಪದೇಶ ಮಾರಾಯ, ಕಡಿಸೋಣ ಅಂದ್ರೆ ಎರಡು ವರ್ಷದಿಂದ ಆಳೇ ಸಿಕ್ತಿಲ್ಲ" ಎಂದರು. ಸದ್ಯಕ್ಕೆ ತುಂಗೆಯ ಪರವಾಗಿ ತಪ್ಪದೆ ಜಾರಿಯಲ್ಲಿರುವ ಯೋಜನೆ ಅದೊಂದೇ.